ಬಡಗಣ ಗೋಡೆಯ ಬಿಸಿಲು

ಮೈಸೂರಿನ ಸಂಸಾರಗಳಿಗೂ ಸೋಮನಾಥಪುರಕ್ಕೂ ಇರುವ ನಂಟು ಒಂದು ಬಗೆಯಲ್ಲಿ ವಿಚಿತ್ರವಾದುದು. ಬನ್ನೂರಿನ ದಾರಿ ಹಿಡಿದರೆ ಸುಮಾರು ಮೂವತ್ತೈದು ಕಿಲೋಮೀಟರು. ಒಂದು ಗಂಟೆಯ ಪಯಣ. ಹೀಗಿದ್ದರೂ ತಮ್ಮ ಸಂತೋಷಕ್ಕಾಗಿಯೇ ಅಲ್ಲಿಗೆ ಹೋಗಿಬರುವ ಮೈಸೂರಿನವರು ವಿರಳ. ಅದು ಬಂಧುಗಳಿಗೆ ತೋರಿಸುವ ಊರು. ಮುಂಬಯಿಯಿಂದ ಭಾವಮೈದುನನ ಸಂಸಾರ ಬಂದಿತೆಂದರೆ, ಮೊದಲನೆಯ ದಿನ ಅರಮನೆ ಮತ್ತು ಚಾಮುಂಡಿಬೆಟ್ಟ, ಎರಡನೆಯ ದಿನ ಶ್ರೀರಂಗಪಟ್ಟಣ ಮತ್ತು ಕನ್ನಂಬಾಡಿ, ಮೂರನೆಯ ದಿನ ಸೋಮನಾಥಪುರ, ತಲಕಾಡು, ಶಿವನಸಮುದ್ರ, ಇವಿಷ್ಟೂ ಒಂದೇ ಹಗಲಿನಲ್ಲಿ! ಅತಿಥಿಗಳು ಗುಡಿಯನ್ನು ಸುತ್ತಿಬರುವಷ್ಟು ಹೊತ್ತು ಆತಿಥೇಯನು ಚಪ್ಪಲಿಗಳನ್ನೂ ಊಟದ ಬುಟ್ಟಿಯನ್ನೂ ಕಾಯುತ್ತ ಹೊರಗೆ ನಿಲ್ಲುತ್ತಾನೆ. “ನಾನು ಹತ್ತು ಸಲ ನೋಡಿದ್ದೇನೆ, ನೀವು ನೋಡಿಬನ್ನಿ” ಎಂಬುದು ಅವನ ಮಾಮೂಲು ಮಾತು. ಹತ್ತು ಸಲ ಬಂದಿರುವುದೇನೋ ನಿಜ. ಎಷ್ಟು ನೋಡಿದ್ದಾನೆ ಎಂಬುದು ಬೇರೆಯ ಲೆಕ್ಕ.

ಆ ಹತ್ತು ಸಲಗಳೂ ವರ್ಷದ ಯಾವ ತಿಂಗಳುಗಳಲ್ಲಿ ಬಂದುವು ಎಂದು ವಿಚಾರಿಸಿದರೆ, ಬಹುಮಟ್ಟಿಗೆ ಎಲ್ಲವೂ ದಸರೆಗೂ ಸಂಕ್ರಾಂತಿಗೂ ನಡುವೆ ಬಂದಿರುತ್ತವೆ. ನೆಂಟರು ಬರುವುದು ಆಗ. ಶಾಲೆಯ ಮಕ್ಕಳ ಪ್ರವಾಸ ಹೊರಡುವುದು ಆಗ. ಹವೆ ಹಿತವಾಗಿರುವುದೂ ಆಗಲೇ. ಹಾಗೆ ಬಂದವರೆಲ್ಲರೂ ನೋಡಿ ಹೋಗುವುದು ಮುಕ್ಕಾಲು ಗುಡಿಯನ್ನು. ಉಳಿದ ಕಾಲುಭಾಗವು ಕಣ್ಣೆದುರಿಗೇ ಇದ್ದೂ ಅವರಿಗೆ ದಕ್ಕುವುದಿಲ್ಲ. ಇದು ಒಗಟಲ್ಲ, ಬರಿಯ ಬಿಸಿಲಿನ ಲೆಕ್ಕ.

ಲೆಕ್ಕ ತಿಳಿಯಬೇಕಾದರೆ ಗುಡಿಯ ವಿನ್ಯಾಸವನ್ನು ತುಸು ನೆನಪು ಮಾಡಿಕೊಳ್ಳಬೇಕು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು ಕಾವೇರಿಯ ತೀರದ ಬಯಲಿನಲ್ಲಿ ತನ್ನ ಹೆಸರಿನ ಅಗ್ರಹಾರವೊಂದನ್ನು ನೆಲೆಗೊಳಿಸಿ, ೧೨೫೮ರಲ್ಲಿ ಈ ಕೇಶವ ದೇವಾಲಯವನ್ನು ಕಟ್ಟಿಸಿದನು. ದೇವಾಲಯ ಪೂರ್ವಾಭಿಮುಖ. ಗರ್ಭಗುಡಿಗಳು ಮೂರು: ಪಡುವಣಕ್ಕೆ ಕೇಶವ, ಬಡಗಣಕ್ಕೆ ಜನಾರ್ದನ, ತೆಂಕಣಕ್ಕೆ ವೇಣುಗೋಪಾಲ. ಮೂಲದ ಕೇಶವಮೂರ್ತಿ ಈಗಿಲ್ಲ; ಪೂಜೆಯೂ ನಡೆಯುವುದಿಲ್ಲ. ಮೂರು ಗುಡಿಗಳೂ ಹದಿನಾರು ಕೋನಗಳ ನಕ್ಷತ್ರದ ಆಕಾರದವು. ಅವೆಲ್ಲವೂ ಸುಮಾರು ಮೂರು ಅಡಿ ಎತ್ತರದ ಜಗತಿಯ ಮೇಲೆ ನಿಂತಿವೆ. ಜಗತಿಯ ಅಂಚಿನಲ್ಲಿ ಸುತ್ತ ನಡೆದಾಡಬಹುದು. ಅಂಗಳದ ನಾಲ್ಕು ಕಡೆಗೂ ಅರವತ್ತನಾಲ್ಕು ಕಿರುಗುಡಿಗಳ ಕೈಸಾಲೆ. ನಡುವಣ ಅಂಗಳದ ಮೇಲೆ ಆಕಾಶವಲ್ಲದೆ ಬೇರೆ ಮುಚ್ಚಳವಿಲ್ಲ. ಇತಿಹಾಸದ ಪುಸ್ತಕಗಳು ಇದನ್ನು ದೇವಾಲಯವೆಂದು ಕರೆಯುವುದು ಸರಿಯೇ. ನೋಡಹೋದವನಿಗೆ ಮಾತ್ರ ಇದು ಒಂದು ಬಯಲ ಶಿಲ್ಪಶಾಲೆ. ನೋಡತಕ್ಕ ಶಿಲ್ಪದ ಬಹುಭಾಗ ಒಳಗಿಲ್ಲ, ಹೊರಮೈಯ ಮೇಲೆ ಇದೆ.

ಹೊರಮೈಯಲ್ಲಿ ಬುಡದಿಂದ ಮೇಲಕ್ಕೆ ಆರು ಪಟ್ಟಿಕೆಗಳು: ಆನೆಗಳು, ಕುದುರೆ ಸವಾರರು, ಬಳ್ಳಿಯ ಸುರುಳಿಗಳು, ಪುರಾಣದ ಕಥೆಗಳು, ಮಕರಗಳು, ಹಂಸಗಳು. ಅವುಗಳ ಮೇಲೆ, ಒಂದೊಂದೂ ತನ್ನದೇ ಎಲೆಬಳ್ಳಿಯ ಕೊಡೆಯ ಕೆಳಗೆ ನಿಂತ ದೊಡ್ಡ ವಿಗ್ರಹಗಳು. ಎಣಿಸಿದರೆ ಇನ್ನೂರಕ್ಕೆ ತುಸು ಕಡಮೆ. ಹಿರಿಯರ ಕಣ್ಣು ಸಹಜವಾಗಿ ದೊಡ್ಡ ವಿಗ್ರಹಗಳ ಮೇಲೆಯೇ ನಿಲ್ಲುತ್ತದೆ. ಕಥೆಗಳ ಪಟ್ಟಿಕೆಯಾದರೋ ಅವರ ಸೊಂಟದ ಮಟ್ಟಕ್ಕಿಂತ ಹೆಚ್ಚು ಎತ್ತರದಲ್ಲಿಲ್ಲ. ಆದುದರಿಂದ ಅದನ್ನು ನೋಡುವ ಭಾಗ್ಯ ಏಳೆಂಟು ವರ್ಷದ ಮಕ್ಕಳಿಗೆ ಮೀಸಲಾದಂತಾಗಿದೆ. ದೊಡ್ಡವರು ನೋಡಬೇಕಾದರೆ ಮಂಡಿಯೂರಬೇಕು. ಅಷ್ಟು ಶ್ರಮ ವಹಿಸುವವರು ಕಡಮೆ. ಮಗು ಒಂದೆಡೆ ನಿಂತು ಕಪಿಗಳನ್ನು ಎಣಿಸುತ್ತಿದ್ದರೆ “ಬಾ ಬಾ, ಹೊತ್ತಾಯಿತು” ಎಂದು ಕೈಹಿಡಿದು ಎಳೆಯುವ ದೃಶ್ಯವನ್ನು ಯಾವ ಭಾನುವಾರ ಹೋದರೂ ಅಲ್ಲಿ ಕಾಣಬಹುದು.

ಈ ನಾಲ್ಕನೆಯ ಪಟ್ಟಿಕೆಯಲ್ಲಿ ಒಂದು ಕ್ರಮವಿದೆ. ಪ್ರದಕ್ಷಿಣೆಯಾಗಿ ಹೊರಟವನಿಗೆ ಮೊದಲು ಸಿಕ್ಕುವ ತೆಂಕಣ ಗುಡಿಯ ಮೇಲೆ ರಾಮಾಯಣ. ಹಿಂಬದಿಯ ಪಡುವಣ ಗುಡಿಯ ಮೇಲೆ ಭಾಗವತದ ಕೃಷ್ಣಕಥೆ. ಕಡೆಗೆ ಬಡಗಣ ಗುಡಿಯ ಮೇಲೆ ಮಹಾಭಾರತ. ಚಳಿಗಾಲದ ಸೂರ್ಯನೂ ಇದೇ ದಾರಿಯಲ್ಲಿ ನಡೆಯುತ್ತಾನೆ. ಅವನು ಆಗ್ನೇಯಕ್ಕೆ ಮೂಡಿ, ತೆಂಕಣದ ಆಕಾಶದಲ್ಲಿ ಸಾಗಿ, ನೈಋತ್ಯದಲ್ಲಿ ಮುಳುಗುವನು. ಬೆಳಗ್ಗೆ ಬಂದವರು ಅವನೊಡನೆ ಹೆಜ್ಜೆ ಹಾಕಿದರೆ ರಾಮಾಯಣವನ್ನೂ ಭಾಗವತವನ್ನೂ ತುಂಬು ಬೆಳಕಿನಲ್ಲಿ ಓದಬಹುದು. ಮಹಾಭಾರತದ ಸರದಿ ಬರುವ ಹೊತ್ತಿಗೆ ಜತೆಗಾರನು ಕೈಬಿಡುತ್ತಾನೆ. ಬಡಗಣ ಗುಡಿಯ ಮೂಡಣ ಪಡುವಣ ಮೂಲೆಗಳಿಗೆ ಬೆಳಗು ಬೈಗುಗಳಲ್ಲಿ ಒಂದಿಷ್ಟು ಓರೆಬಿಸಿಲು ತಾಗುವುದುಂಟು. ನೇರವಾಗಿ ಬಡಗಕ್ಕೆ ಮುಖಮಾಡಿದ ಭಾಗಗಳಾದರೋ ಸೆಪ್ಟೆಂಬರಿನ ಕಡೆಯ ವಾರದಿಂದ ಮಾರ್ಚಿಯ ಮೂರನೆಯ ವಾರದವರೆಗೆ ಸೂರ್ಯನ ಮುಖವನ್ನೇ ಕಾಣುವುದಿಲ್ಲ.

ನೆರಳಿನಲ್ಲಿ ಶಿಲ್ಪವು ಮಾಯವಾಗುವುದಿಲ್ಲ ನಿಜ. ಅದು ಚಪ್ಪಟೆಯಾಗುತ್ತದೆ. ರಥದ ಗಾಲಿಯೂ ಅದರ ಹಿಂದಿನ ಕುದುರೆಯ ಕಾಲೂ ಒಂದೇ ಬೂದಿ ಬಣ್ಣದಲ್ಲಿ ಕಲೆತುಹೋಗುತ್ತವೆ. ಬಿಲ್ಲು ಯಾವುದು, ಬಾಣ ಯಾವುದು, ಕೈ ಯಾರದು ಎಂಬುದು ತಿಳಿಯುವುದಿಲ್ಲ. ಕೆತ್ತನೆಯ ಆಳವನ್ನು ಕಣ್ಣಿಗೆ ತಿಳಿಸುವುದು ನೆರಳುಬೆಳಕುಗಳ ಗೆರೆ. ಗೆರೆ ಇಲ್ಲವಾದರೆ ಕುರುಕ್ಷೇತ್ರವೂ ಒಂದು ಒರಟು ಗೋಡೆಯಷ್ಟೆ. ದಸರೆಯ ಸಂದಣಿ ಬರುವುದು ಸೂರ್ಯನು ಈ ಗೋಡೆಯನ್ನು ಬಿಟ್ಟುಹೋದ ಕೆಲವೇ ದಿನಗಳ ಮೇಲೆ ಎಂಬುದನ್ನು ನೆನೆದರೆ ನಗು ಬರುತ್ತದೆ. ಡಿಸೆಂಬರಿನಲ್ಲಿ ಬಸ್ಸುಗಟ್ಟಲೆ ಬರುವ ಶಾಲೆಯ ಮಕ್ಕಳ ಪಾಡು ಇದಕ್ಕಿಂತ ಬೇರೆಯಲ್ಲ. ಸಾಲಾಗಿ ಸುತ್ತಿ, ಬಡಗಣಕ್ಕೆ ಬರುವಷ್ಟರಲ್ಲಿ ಸಾಲು ವೇಗವಾಗುತ್ತದೆ. ಮಕ್ಕಳಿಗೆ ಬೇಸರವಾಯಿತು ಎಂದು ಉಪಾಧ್ಯಾಯರು ತಿಳಿಯುತ್ತಾರೆ. ಬೇಸರ ಮಕ್ಕಳದಲ್ಲ, ಗೋಡೆಯ ಮೇಲೆ ಬೆಳಕಿಲ್ಲ.

ಬಡಗಣ ಗೋಡೆಗೆ ಬಿಸಿಲು ಬರುವುದೆಂದು? ಉತ್ತರಾಯಣವೆಂದ ಕೂಡಲೆ ಸಂಕ್ರಾಂತಿಯ ನೆನಪಾಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸೂರ್ಯನು ಬಡಗಕ್ಕೆ ಹೊರಟಿರುತ್ತಾನೆಯೇ ಹೊರತು ಬಂದು ಮುಟ್ಟಿರುವುದಿಲ್ಲ. ಮಾರ್ಚಿಯ ಮೂರನೆಯ ವಾರದ ಮೇಲೆ ಅವನು ಮೂಡುವ, ಮುಳುಗುವ ಎಡೆಗಳು ಬಡಗಕ್ಕೆ ಸರಿದು, ಬೆಳಗು ಸಂಜೆಗಳಲ್ಲಿ ಗೋಡೆಯನ್ನು ಓರೆಯಾಗಿ ಸವರತೊಡಗುತ್ತಾನೆ. ಏಪ್ರಿಲ್ ೨೩ರ ಸುಮಾರಿಗೆ ನಡುಹಗಲಿನಲ್ಲಿ ಮೈಸೂರು ಸೀಮೆಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಕಂಬಕ್ಕೆ ನೆರಳಿಲ್ಲದ ದಿನ ಅದು. ಅಲ್ಲಿಂದ ಆಗಸ್ಟ್ ೨೦ರ ಸುಮಾರಿಗೆ ಮತ್ತೆ ನೆತ್ತಿಗೆ ಬರುವವರೆಗೆ, ಹತ್ತಿರ ಹತ್ತಿರ ನಾಲ್ಕು ತಿಂಗಳು, ನಡುಹಗಲ ಸೂರ್ಯನು ಬಡಗಣ ಪಕ್ಕದಲ್ಲಿರುತ್ತಾನೆ. ಅದರಲ್ಲಿ ಜೂನ್ ತಿಂಗಳಿಂದ ಮುಂದೆ ಮೋಡದ ಕಾಟ. ಉಳಿದದ್ದು ಏಪ್ರಿಲಿನ ಕಡೆಯ ವಾರ ಮತ್ತು ಮೇ ತಿಂಗಳು, ಅಂದರೆ ಮಾವಿನಹಣ್ಣಿನ ಕಾಲ, ಮಕ್ಕಳಿಗೆ ಬೇಸಗೆಯ ರಜೆ. ಆಗ ಸೋಮನಾಥಪುರಕ್ಕೆ ಹೋಗುವುದೆಂದರೆ ಮನೆಯ ಹಿರಿಯರು “ಈ ಉರಿಬಿಸಿಲಿನಲ್ಲೆ!” ಎಂದು ಹುಬ್ಬೇರಿಸುತ್ತಾರೆ. ಆ ಉರಿಬಿಸಿಲಿಗಾಗಿಯೇ ಹೋಗತಕ್ಕದ್ದು.

ಮೇ ತಿಂಗಳ ನಡುಹಗಲಿನಲ್ಲಿ ಬಿಸಿಲು ಹೆಚ್ಚು ಕಡಮೆ ಗೋಡೆಯುದ್ದಕ್ಕೂ ಮೇಲಿಂದ ಕೆಳಗೆ ಜಾರುತ್ತದೆ. ಮುಂದಕ್ಕೆ ಚಾಚಿದ ಪ್ರತಿಯೊಂದು ಅಂಚೂ ಬೆಳ್ಳಗೆ ಹೊಳೆದು, ಅದರ ಕೆಳಗೆ ಕಪ್ಪು ನೆರಳು ನಿಲ್ಲುತ್ತದೆ. ಚಳಿಗಾಲದಲ್ಲಿ ಕಲೆತುಹೋಗಿದ್ದ ರಥವೂ ಕುದುರೆಯೂ ಬೇರೆ ಬೇರೆ ನಿಲ್ಲುತ್ತವೆ. ಬಿಲ್ಲಿನ ಹೆದೆಗೂ ಎಳೆದ ತೋಳಿಗೂ ನಡುವೆ ಇಣುಕಿದ ಕತ್ತಲೆಯಿಂದಲೇ ಆ ತೋಳಿನ ಬಲ ಗೊತ್ತಾಗುತ್ತದೆ. ವಿಗ್ರಹಗಳ ಮೇಲಿನ ಎಲೆಬಳ್ಳಿಯ ಕೊಡೆಗಳು ಹಣೆಯ ಮೇಲೆ ನೆರಳಿನ ಜಾಲರಿ ಇಳಿಬಿಡುತ್ತವೆ. ಇದನ್ನೆಲ್ಲ ರೂವಾರಿಗಳು ಪಂಚಾಂಗ ನೋಡಿಯೇ ಕೆತ್ತಿದರೆಂದು ವಾದಿಸಿದರೆ ಅತಿಶಯವಾದೀತು. ಬಯಲಿನಲ್ಲಿ ಕುಳಿತು ವರುಷಗಟ್ಟಲೆ ಕೆಲಸ ಮಾಡಿದವರಿಗೆ ಬಿಸಿಲಿನ ನಡೆ ತಿಳಿಯದೆ ಇದ್ದಿತೆಂದು ವಾದಿಸುವುದು ಅದಕ್ಕಿಂತಲೂ ಕಷ್ಟ.

ಈ ಮಾತು ಹೊರದೇಶಗಳಲ್ಲಿ ಈಚೆಗೆ ಬಹಳ ಪ್ರಚಾರದಲ್ಲಿದೆ. ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಸ್ಟಾರ್ಮ್ ಕಿಂಗ್ ಎಂಬಲ್ಲಿ ೧೯೬೦ರಲ್ಲಿಯೂ, ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ೧೯೭೭ರಲ್ಲಿಯೂ ಹುಲ್ಲುಗಾವಲುಗಳ ನಡುವೆ ಶಿಲ್ಪಗಳನ್ನು ನಿಲ್ಲಿಸಿ ಉದ್ಯಾನಗಳನ್ನು ತೆರೆದರು. ಒಂದೇ ಶಿಲ್ಪವನ್ನು ಹಿಮದಲ್ಲೊಮ್ಮೆ, ಚಿಗುರಿನಲ್ಲೊಮ್ಮೆ ನೋಡಲು ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಮೈಸೂರಿನವರಿಗೆ ಇದಕ್ಕಾಗಿ ಹೊಸ ಉದ್ಯಾನ ಬೇಕಿಲ್ಲ. ಬನ್ನೂರಿನ ಬಸ್ಸು ಸಾಕು. ಲಂಡನ್ನಿನಿಂದ ಬಂದವನಾಗಲಿ ದೆಹಲಿಯಿಂದ ಬಂದವನಾಗಲಿ ಜೀವಮಾನದಲ್ಲಿ ಒಂದು ಸಲ ಸೋಮನಾಥಪುರವನ್ನು ಕಂಡಾನು. ವರ್ಷಕ್ಕೆ ಮೂರು ಸಲ ಕಾಣುವ ಅನುಕೂಲ ಇರುವುದು ಚಪ್ಪಲಿ ಕಾಯುತ್ತ ನಿಂತ ಆ ಆತಿಥೇಯನಿಗೆ ಮಾತ್ರ.

ಬಿಸಿಲಿನ ಪಕ್ಕದಲ್ಲಿಯೇ ಹುಡುಕತಕ್ಕ ಇನ್ನೊಂದು ಸಂಗತಿಯುಂಟು. ದೊಡ್ಡ ವಿಗ್ರಹಗಳ ಪೀಠದ ಮೇಲೆ ಅನೇಕ ಕಡೆ ಸಣ್ಣ ಅಕ್ಷರಗಳಲ್ಲಿ ರೂವಾರಿಗಳು ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. “ಕವಿಚರಿತೆ”ಯ ಆರ್. ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಪ್ರಾಕ್ತನ ಸಂಶೋಧನೆಯ ಹೊಣೆ ಹೊತ್ತಿದ್ದಾಗ ಈ ಗುಡಿಯ ಮೇಲೆ ೧೯೧೭ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು. ಅದರಲ್ಲಿ ಈ ಹೆಸರುಗಳನ್ನು ಲೆಕ್ಕವಿಟ್ಟು ಕೊಟ್ಟಿದ್ದಾರೆ. ಬಾಲೆಯ, ಚೌಡೆಯ, ಮಸಣಿತಮ್ಮ, ನಂಜಯ ಮೊದಲಾದವರ ನಡುವೆ ಎಲ್ಲರಿಗಿಂತ ಹೆಚ್ಚಾಗಿ ಕಾಣುವ ಹೆಸರು ಮಲ್ಲಿತಮ್ಮನದು. ನಲವತ್ತರಷ್ಟು ವಿಗ್ರಹಗಳು ಅವನವು. ಕೆಲವು ಕಡೆ ಪೂರ್ತಿ ಹೆಸರಿದೆ. ಕೆಲವು ಕಡೆ “ಮಲ್ಲಿ” ಎಂದಷ್ಟೆ. ಕೆಲವು ಕಡೆ “ಮ” ಎಂಬ ಒಂದೇ ಅಕ್ಷರ. ಕೆಲಸದ ರಾಶಿಯಲ್ಲಿ ಹೆಸರು ಬರೆಯಲೂ ಬಿಡುವಿಲ್ಲದವನಂತೆ ತೋರುತ್ತದೆ. ಹನ್ನೆರಡು ವರ್ಷ ಮೊದಲು, ೧೨೪೬ರಲ್ಲಿ, ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜನು ತೆಂಕಣ ಪಕ್ಕವನ್ನೂ ಮಲ್ಲಿತಮ್ಮನು ಬಡಗಣ ಪಕ್ಕವನ್ನೂ ಹಂಚಿಕೊಂಡು ಕೆತ್ತಿದ್ದರು. ವರ್ಷದಲ್ಲಿ ಅರ್ಧಕಾಲ ಬಿಸಿಲು ಕಾಣದ ಪಕ್ಕ ಯಾವುದೆಂಬುದು ಅವನಿಗೆ ಹೊಸ ಸುದ್ದಿಯಾಗಿರಲಿಲ್ಲ.

ಈ ಅಕ್ಷರಗಳು ಆಳವಾದುವಲ್ಲ. ನೆರಳಿನಲ್ಲಿ ಕಾಣುವುದಿಲ್ಲ, ನೇರ ಬಿಸಿಲಿನಲ್ಲಿಯೂ ಕಾಣುವುದಿಲ್ಲ. ಬೆಳಕು ಓರೆಯಾಗಿ ಬಿದ್ದ ಕೆಲವು ಹೊತ್ತು ಮಾತ್ರ ಗೀರುಗಳಂತೆ ಎದ್ದು ನಿಲ್ಲುತ್ತವೆ. ಹದಿಮೂರನೆಯ ಶತಮಾನದ ಲಿಪಿಯಾದರೂ ಕನ್ನಡ ಓದಬಲ್ಲ ಮಕ್ಕಳು ಒಂದೆರಡು ಅಕ್ಷರಗಳನ್ನು ಗುರುತಿಸದೆ ಇರುವುದಿಲ್ಲ. “ಇಲ್ಲಿ ‘ಮ’ ಇದೆ!” ಎಂದು ಒಂದು ಮಗು ಕೂಗಿದರೆ ಮಿಕ್ಕವರು ಓಡಿಬರುತ್ತಾರೆ, ಆಮೇಲೆ ಹಿರಿಯರೂ ಮಂಡಿಯೂರುತ್ತಾರೆ. ಇಲ್ಲಿ ಒಂದು ಮಾತು. ಹೊಯ್ಸಳರ ಯಾವ ಗುಡಿಗೆ ಹೋದರೂ ಜಕಣಾಚಾರಿಯ ಕಥೆಯನ್ನು ಹೇಳುವವರುಂಟು. ಕಥೆ ಸೊಗಸಾದುದೇ; ಆದರೆ ಸೋಮನಾಥಪುರದ ಪೀಠಗಳ ಮೇಲೆ ಆ ಹೆಸರಿಲ್ಲ. ಇರುವ ಹೆಸರುಗಳನ್ನು ಓದದೆ ಇಲ್ಲದ ಹೆಸರನ್ನು ಹೊಗಳುವುದು ಮಲ್ಲಿತಮ್ಮನಿಗೆ ಮಾಡುವ ಅನ್ಯಾಯವಲ್ಲವೆ?

ಮಳೆಗಾಲದಲ್ಲಿಯೂ ಹೋಗಬಹುದು, ಹೋಗಬೇಕು ಕೂಡ. ಬಳಪದ ಕಲ್ಲು ನೆನೆದಾಗ ಅದರ ಬಣ್ಣವೇ ಬೇರೆ. ಒಣಗಿದಾಗ ಬೂದಿ ಹಸುರಾಗಿ ಕಾಣುವ ಕಲ್ಲು ಒದ್ದೆಯಾದಾಗ ಕಪ್ಪಿಗೆ ಸಮೀಪವಾಗಿ, ವಿಗ್ರಹಗಳು ಆಗತಾನೆ ಎಣ್ಣೆ ಹಚ್ಚಿಸಿಕೊಂಡಂತೆ ತೋರುತ್ತವೆ. ಈ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು ಉಳಿಗೆ ಸುಲಭವಾಗಿ ಮಣಿಯುತ್ತದೆ; ಗಾಳಿಗೆ ಮೈಯೊಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಕೊರಳಿನ ಸರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಲು ಸಾಧ್ಯವಾದದ್ದು ಆ ಗುಣದಿಂದ. ಜುಲೈ ತಿಂಗಳ ತುಂತುರಿನಲ್ಲಿ ಅಂಗಳದಲ್ಲಿ ಜನರಿರುವುದಿಲ್ಲ. ಕೈಸಾಲೆಯಲ್ಲಿ ಕುಳಿತರೆ ಮೂರು ಗೋಪುರಗಳಿಂದ ನೀರಿಳಿಯುವುದನ್ನು ನೋಡುತ್ತ ಒಂದು ಗಂಟೆ ಕಳೆಯಬಹುದು. ಶಿಲ್ಪವನ್ನು ವಿವರವಾಗಿ ನೋಡಲು ಅದು ಕಾಲವಲ್ಲ. ಕಟ್ಟಡವನ್ನು ಇಡಿಯಾಗಿ ಕಾಣಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

೨೦೨೩ರ ಸೆಪ್ಟೆಂಬರ್ ೧೮ರಂದು ಬೇಲೂರು, ಹಳೆಬೀಡುಗಳೊಡನೆ ಸೋಮನಾಥಪುರವೂ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಹೆಮ್ಮೆಯ ಹಿಂದೆಯೇ ಜನಸಂದಣಿಯೂ ಬರುತ್ತದೆ. ಏಳುನೂರ ಅರುವತ್ತಕ್ಕೂ ಮಿಕ್ಕ ವರ್ಷಗಳ ಮಳೆಬಿಸಿಲನ್ನು ತಡೆದ ಕಲ್ಲು ದಿನಕ್ಕೆ ಸಾವಿರ ಕೈಗಳ ಬೆವರನ್ನು ತಡೆದೀತೆಂದು ಹೇಳಲಾಗುವುದಿಲ್ಲ. ಕೈಗೆಟಕುವ ಎತ್ತರದಲ್ಲಿರುವುದು ಕಥೆಗಳ ಪಟ್ಟಿಕೆ ಮತ್ತು ಹೆಸರುಗಳಿರುವ ಪೀಠಗಳೇ. ಆನೆಯ ಸೊಂಡಿಲನ್ನು ಸವರುವುದು, ಮಗುವನ್ನು ಪಟ್ಟಿಕೆಗೆ ಒರಗಿಸಿ ಚಿತ್ರ ತೆಗೆಯುವುದು, ಅಕ್ಷರ ಚೆನ್ನಾಗಿ ಕಾಣಲೆಂದು ಸೀಮೆಸುಣ್ಣ ಉಜ್ಜುವುದು, ಇವು ಬುದ್ಧಿವಂತರೆನಿಸಿಕೊಂಡವರೂ ಮಾಡುವ ಕೆಲಸಗಳು. “ಒಬ್ಬ ಮುಟ್ಟಿದರೆ ಏನಾದೀತು?” ಎನ್ನುವವನ ಹಿಂದೆ ನಲವತ್ತು ಮಂದಿ ಕಾದಿರುತ್ತಾರೆ. ‘ಮ’ ಎಂಬುದು ಎರಡು ಮೂರು ಗೀರುಗಳಷ್ಟೆ; ಅಳಿಸಲು ಉಳಿಯೇ ಬೇಕಿಲ್ಲ.

ಇನ್ನು ಹೊರಡುವವರಿಗೆ ನಾಲ್ಕು ಮಾತು. ಧನುರ್ಮಾಸದಲ್ಲಿ ಒಂದು ಸಲ, ಬೇಸಗೆಯ ರಜೆಯಲ್ಲಿ ಒಂದು ಸಲ, ಮಳೆಯಲ್ಲಿ ಒಂದು ಸಲ, ಹೀಗೆ ಮೂರು ದಿನಗಳನ್ನು ಮೀಸಲಿಟ್ಟರೆ ಒಂದು ವರ್ಷದಲ್ಲಿ ಗುಡಿ ಪೂರ್ತಿಯಾಗುತ್ತದೆ. ಆ ದಿನ ತಲಕಾಡು, ಶಿವನಸಮುದ್ರಗಳ ಹೆಸರೆತ್ತಬಾರದು. ಅವಕ್ಕೆ ಅವುಗಳದೇ ದಿನಗಳುಂಟು. ಹೊತ್ತು ಮಿಕ್ಕರೆ ಊರಿನಲ್ಲಿಯೇ ಇರುವ ಪಂಚಲಿಂಗೇಶ್ವರನ ಕಡೆಗೆ ನಡೆಯಬಹುದು. ಅದೂ ಸೋಮನಾಥನೇ ಕಟ್ಟಿಸಿದ್ದು, ಒರಟು ಕಣಶಿಲೆಯದು. ಅಲಂಕಾರದಿಂದ ದಣಿದ ಕಣ್ಣಿಗೆ ಅದರ ಬಡತನ ಹಿತವಾಗಿರುತ್ತದೆ. ಚಳಿಗಾಲದಲ್ಲಿ ಬೆಳಗ್ಗೆ ತಡಮಾಡದೆ ಹೋಗಿ ತೆಂಕಣದಿಂದ ತೊಡಗಿ, ಮಧ್ಯಾಹ್ನ ಚಿತ್ರಾನ್ನ ಮೊಸರನ್ನಗಳನ್ನು ಆವರಣದ ಹೊರಗೆ ಮುಗಿಸಿ, ಎರಡು ಗಂಟೆಯ ಮೇಲೆ ಹಿಂಬದಿಯ ಕೃಷ್ಣಕಥೆಗೆ ಬರುವುದು ಒಳ್ಳೆಯದು. ಗಂಡಸರೂ ಹೆಂಗಸರೂ ಕೆಳಗೆ ಕೂರಲು ಒಂದು ಚಾಪೆಯ ತುಂಡಿರಲಿ; ಪಟ್ಟಿಕೆಯನ್ನು ನಿಂತು ನೋಡಲಾಗದು.

ಬೇಸಗೆಯ ಕ್ರಮ ಬೇರೆ. ಚಪ್ಪಲಿ ಬಿಟ್ಟ ಕಾಲಿಗೆ ಜಗತಿಯ ಕಲ್ಲು ಹೆಂಚಿನಂತೆ ಸುಡುತ್ತದೆ. ದಪ್ಪನೆಯ ಕಾಲುಚೀಲವಿಲ್ಲದೆ ಮಕ್ಕಳನ್ನು ಹತ್ತಿಸಬಾರದು. ತಲೆಗೆ ಟವಲು, ಕುಡಿಯಲು ನೀರುಮಜ್ಜಿಗೆ. ತೆಂಕಣ ಪಡುವಣಗಳ ಗೋಜಿಗೆ ಹೋಗದೆ ನೇರವಾಗಿ ಬಲಗಡೆಯಿಂದ ಸುತ್ತಿ ಬಡಗಣ ಗುಡಿಗೆ ಬರಬೇಕು. ಪ್ರದಕ್ಷಿಣೆ ತಪ್ಪಿತೆಂದು ಅಜ್ಜಿಯರು ಆಕ್ಷೇಪಿಸಿದರೆ, ಆ ತಿಂಗಳಲ್ಲಿ ಸೂರ್ಯನೂ ಅಪ್ರದಕ್ಷಿಣವಾಗಿಯೇ ಸುತ್ತುತ್ತಾನೆಂದು ಉತ್ತರ ಹೇಳಬಹುದು. ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಮಹಾಭಾರತವನ್ನು ಓದಿ ಮುಗಿಸಬೇಕು. ಮೇ ತಿಂಗಳ ಮಧ್ಯಾಹ್ನ ಮೂರರ ಮೇಲೆ ಬಹುಮಟ್ಟಿಗೆ ಗುಡುಗು ಕೇಳಿಸುತ್ತದೆ. ಬನ್ನೂರಿನ ಗದ್ದೆಗಳ ಮೇಲೆ ಮೋಡ ಕಟ್ಟಿತೆಂದರೆ ಗೋಡೆಯ ಮೇಲಿನ ಬಿಸಿಲು ಅರೆಗಳಿಗೆಯಲ್ಲಿ ಆರಿಹೋಗುತ್ತದೆ.